ಕ್ಲೊರಿಂದಾಳ ಮನೆ ಎಳೆದ ದಿನ

ಇಪ್ಪತ್ತೆರಡು ವರ್ಷ ಕ್ಲೊರಿಂದಾ ಬರ್ರಿಯಾ ಚಿಲೊಯೆ ದ್ವೀಪದ ನಮ್ಮ ಕಡೆಯ ರೇಡಿಯೊದಲ್ಲಿ ಊರವರ ಸಂದೇಶಗಳನ್ನು ಓದಿದಳು. ಯಾರ ತಾಯಿಗೆ ಆಪರೇಷನ್ ಆಯಿತು, ಯಾರ ಹಸು ಯಾವ ದೋಣಿಯಲ್ಲಿ ಬರುತ್ತಿದೆ, ಯಾರ ಮಗಳು ಈ ಸಲವೂ ಕ್ರಿಸ್‌ಮಸ್ಸಿಗೆ ಬರುವುದಿಲ್ಲ, ಎಲ್ಲವನ್ನೂ ಊಟದ ಹೊತ್ತಿಗೆ ಅವಳ ತಣ್ಣನೆಯ ದನಿಯಲ್ಲೇ ಕೇಳುತ್ತಿದ್ದೆವು. ಮೊಬೈಲು ಬಂದು ಆ ಕೆಲಸ ಹೋಯಿತು. ಐವತ್ತೆಂಟರ ವಯಸ್ಸಿನಲ್ಲಿ ಅವಳು ಎರಡು ಚಳಿಗಾಲ ಪೇಟೆಗೆ ಓಡಾಡಿ ಆಪ್ತಸಲಹೆಯ ತರಬೇತಿ ಪಡೆದಳು. ಊರಿನ ನೆರವಿನ ಸಂಘ ಚರ್ಚಿನ ಚೌಕದ ಪುಟ್ಟ ಮರದ ಮನೆಯಲ್ಲಿ ಅವಳಿಗೊಂದು ಮೇಜು, ಎರಡು ಕುರ್ಚಿ ಹಾಕಿಕೊಟ್ಟಿತು. ಮನಸ್ಸು ಭಾರವಾದವರು ಬಂದು ಹೇಳಿಕೊಳ್ಳಬಹುದು. ಹೇಳಿದ್ದು ಆ ಹೊಸ್ತಿಲು ದಾಟುವುದಿಲ್ಲ.

ಯಾರೂ ಬರಲಿಲ್ಲ. ಎದುರಿಗೇ ನನ್ನ ಬ್ರೆಡ್ ಅಂಗಡಿ; ಹನ್ನೊಂದು ತಿಂಗಳು ಕಣ್ಣಾರೆ ನೋಡಿದ್ದೇನೆ. ಒಳಗೆ ಹೋದವರು ಬ್ರೆಡ್ಡಿಗೆ ನಿಂತ ಸಾಲಿಗೆಲ್ಲ ಕಾಣುತ್ತಾರೆ. ಸಾಲದ್ದಕ್ಕೆ, ಕ್ಲೊರಿಂದಾಳಿಗೆ ಹೇಳುವುದೂ ಮೈಕಿನಲ್ಲಿ ಹೇಳುವುದೂ ಒಂದೇ ಎಂದು ಜನ ನಂಬಿದ್ದರು. ಬೇಸಿಗೆ ಮುಗಿಯುವುದರೊಳಗೆ ಒಬ್ಬರಾದರೂ ಬರದಿದ್ದರೆ ಮುಚ್ಚುವುದೆಂದು ಸಂಘ ತೀರ್ಮಾನಿಸಿತು.

"ಹಾಗಾದ್ರೆ ಮನೇನೇ ಎಳ್ಕೊಂಡು ಹೋಗೋಣ," ಎಂದಳು ಕ್ಲೊರಿಂದಾ. "ಕೊಲ್ಲಿಯ ಆ ತುದಿಗೆ, ಮರಗಳ ಹಿಂದಕ್ಕೆ."

ಮನೆಗೆ ಜಾಗ ಸರಿಬರದಿದ್ದರೆ ದಿಮ್ಮಿಗಳ ಮೇಲೇರಿಸಿ, ಎತ್ತು ಕಟ್ಟಿ ಎಳೆಯುವುದು ನಮ್ಮಲ್ಲಿ ಹೊಸದೇನಲ್ಲ. ಊರೇ ಬರುತ್ತದೆ, ಕರೆದವರು ಊಟ ಹಾಕುತ್ತಾರೆ. ನಮ್ಮ ಬೇಸಿಗೆ ಮುಗಿಯುತ್ತ ಬರುವ ಫೆಬ್ರವರಿಯ ಒಂದು ಶನಿವಾರ ಎಂಟು ಜೋಡಿ ಎತ್ತು, ಅರುವತ್ತು ಜನ ಸೇರಿದರು. ಮುಂದೆ ನಿಂತವನು ಎಲಿಸೆಯೊ ಮಾನ್ಸಿಯಾ, ಎತ್ತುಗಳ ಯಜಮಾನ. ಅವನು ಕೂಗು ಹಾಕಿದ. ಮನೆ ನರಳಿತು, ನಡುಗಿತು, ಆಮೇಲೆ ಹೊರಟೇ ಬಿಟ್ಟಿತು. ಕಿಟಕಿಯ ಪರದೆ ಹಾರಾಡುತ್ತ ಮನೆಯೊಂದು ಇಳಿಜಾರಿನಲ್ಲಿ ಸಾಗುವುದನ್ನು ಎಷ್ಟು ಸಲ ಕಂಡರೂ ಎದೆ ಹಾರುತ್ತದೆ.

"ಒಳಗೆ ಕೂತು ಅಳೋರು ಒಬ್ಬರೂ ಇಲ್ಲ, ಎಳೆಯೋಕೆ ಮಾತ್ರ ಊರೆಲ್ಲ ಬಂದಿದೀರಲ್ಲ," ಎಂದೆ.

"ನಾನು ಬಂದಿದ್ದು ಊಟಕ್ಕೆ ಕಣಮ್ಮ," ಎಂದ ಒಬ್ಬ, ಹಗ್ಗ ಬಿಡದೆ.

ಇಳಿತಕ್ಕೆ ನೀರು ಸರಿದಿದ್ದ ಕೊಲ್ಲಿಯ ಮರಳಿಗೆ ಇಳಿದಾಗ ಹಗ್ಗ ತುಂಡಾಯಿತು. ಅದನ್ನು ಗಂಟುಹಾಕುವಷ್ಟರಲ್ಲಿ ಸಮುದ್ರದ ಉಬ್ಬರ ಶುರುವಾಗಿ, ನೀರು ಮುಂದಿನ ದಿಮ್ಮಿಯನ್ನು ಮುಟ್ಟಿತು. ಎಲಿಸೆಯೊ ಕೋಲು ಊರಿ ನಗುತ್ತ ನಿಂತ.

"ಕ್ಲೊರಿಂದಕ್ಕ, ಹನ್ನೊಂದು ತಿಂಗಳಲ್ಲಿ ನಿನ್ನ ಹತ್ರ ಯಾರು ಬಂದಿದ್ರು? ಒಂದೇ ಒಂದು ಹೆಸರು ಹೇಳು. ಆಮೇಲೇ ನನ್ನ ಎತ್ತು ಹೆಜ್ಜೆ ಎತ್ತೋದು."

ಜನ ಗೊಳ್ಳೆಂದರು.

"ಹೇಳಲ್ಲ."

"ಹೋಗ್ಲಿ, ಯಾರೂ ಬಂದಿಲ್ಲ ಅಂತಾದ್ರೂ ಹೇಳು."

"ಅದೂ ಹೇಳಲ್ಲ."

"ನೀರು ಬರ್ತಾ ಇದೆ, ಅಕ್ಕ."

"ಕಾಣ್ತಿದೆ. ಎತ್ತು ಬಿಚ್ಕೊಂಡು ಹೋಗಪ್ಪ. ಮನೆ ಸಮುದ್ರಕ್ಕೆ ಹೋದ್ರೆ ಹೋಗ್ಲಿ."

ಸಂದೇಶ ಓದುವಾಗಿನ ಅದೇ ತಣ್ಣನೆಯ ದನಿ. ನಗು ನಿಂತಿತು. ಯಾರೂ ಬಂದಿಲ್ಲವೆಂಬುದು ನನ್ನ ಅಂಗಡಿಯ ಸಾಲಿಗೆಲ್ಲ ಗೊತ್ತಿತ್ತು. ಆ ಒಂದು ಮಾತು ಆಡಿದ್ದರೆ ಅವಳಿಗೆ ನಷ್ಟವೇನೂ ಇರಲಿಲ್ಲ. ಅವಳು ಮನೆಯನ್ನೇ ಬಿಡಲು ಸಿದ್ಧಳಾಗಿ, ಒದ್ದೆ ಲಂಗ ಹಿಡಿದು ನೀರಲ್ಲಿ ನಿಂತಿದ್ದಳು.

ಎಲಿಸೆಯೊ ಊರಿದ್ದ ಕೋಲು ಕಿತ್ತು ಎತ್ತುಗಳ ಕಡೆ ತಿರುಗಿದ. ಆಮೇಲೆ ಹಾಕಿದ ಕೂಗಿಗೆ ಕೊಲ್ಲಿಯ ಹಕ್ಕಿಗಳೆಲ್ಲ ಎದ್ದವು. ಹೆಂಗಸರು, ಮುದುಕರು, ಪಾದ್ರಿ, ಎಲ್ಲರೂ ಹಗ್ಗಕ್ಕೆ ಬಿದ್ದೆವು. ಮೊಣಕಾಲುದ್ದ ನೀರು ಸೀಳಿಕೊಂಡು ಮನೆ ಹೋಯಿತು, ಹುಲ್ಲಿನ ದಿಬ್ಬ ಹತ್ತಿತು, ಮರಗಳ ಹಿಂದೆ ನಿಂತಿತು. ಕೈಯೆಲ್ಲ ಸುಲಿದು, ಉಸಿರು ಸಿಗದೆ, ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು.

ಕಾದ ಕಲ್ಲಿನ ಕುಳಿಯಿಂದ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ರೊಟ್ಟಿ ತೆಗೆದು ಬಡಿಸಿದಾಗ ಮೂರು ಗಂಟೆ.

"ಅಕ್ಕ," ಎಂದ ಎಲಿಸೆಯೊ ತಟ್ಟೆಯಿಂದ ತಲೆಯೆತ್ತದೆ, "ಯಾವ ದಿನ ತೆಗೆದಿರುತ್ತೆ? ನನಗಲ್ಲ. ನನ್ನ ಭಾವಮೈದುನ ಒಬ್ಬ ಇದ್ದಾನೆ."

"ಮಂಗಳವಾರ, ಶುಕ್ರವಾರ. ನಾಲ್ಕರ ಮೇಲೆ."

"ಅವನಿಗೆ ಹೇಳ್ತೀನಿ."

ಎಲಿಸೆಯೊಗೆ ಭಾವಮೈದುನನೇ ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಯಾರೂ ನಗಲಿಲ್ಲ. ಪಾದ್ರಿ ಉಪ್ಪು ಕೇಳಿದರು. ಆ ಕಡೆಯಿಂದ ಇನ್ನೊಬ್ಬಳು ಮೆಲ್ಲಗೆ, "ಶುಕ್ರವಾರ ಎಷ್ಟು ಹೊತ್ತಿಗೆ ಅಂದ್ರಿ? ನಮ್ಮ ಪಕ್ಕದ ಮನೆಯವಳಿಗೆ," ಎಂದಳು.