ಪಂಪಣ್ಣ ಮಾಸ್ತರರ ಒಂದೇ ಕ್ರಿಯಾಪದ

ಸಿರುಗುಪ್ಪದ ಪಂಪಣ್ಣ ಮಾಸ್ತರರಿಗೆ ಇಂಗ್ಲಿಷಿನಲ್ಲಿ ‘ತಿನ್ನು’ ಎಂಬುದೊಂದನ್ನು ಬಿಟ್ಟರೆ ಬೇರೆ ಕ್ರಿಯಾಪದವೇ ಗೊತ್ತಿಲ್ಲವೇನೋ ಎಂದು ಹೆಂಡತಿ ಜಡೆಮ್ಮನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಬೆಳಗಾದರೆ ಪಡಸಾಲೆಯಲ್ಲಿ ಪಾಠಕ್ಕೆ ಬಂದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ‘ಐ ಈಟ್, ಐ ಏಟ್, ಐ ಹ್ಯಾವ್ ಈಟನ್’ ಎಂದು ಒಬ್ಬೊಬ್ಬರಿಂದಲೂ ಹೇಳಿಸುವರು. ತಾವು ಗೋಡೆಗೊರಗಿ, ಕಣ್ಣು ಮುಚ್ಚಿ, ಹಾಡು ಕೇಳುವವರಂತೆ ತಲೆದೂಗುವರು. “ಓಡೋದು, ಆಡೋದು ಏನೂ ಇಲ್ಲೇನ್ರಿ ಆ ಭಾಷಾದಾಗ?” ಎಂದು ಅವಳು ಕೇಳಿದರೆ, “ಈ ಒಂದು ಬಂದ್ರ ಎಲ್ಲಾ ಬರ್ತಾವು, ಸುಮ್ನಿರು” ಎನ್ನುವರು. ಯಾವನದಾದರೂ ದನಿ ಕುಗ್ಗಿತೋ, “ತಿಂದೆ ಅನ್ನಾಕ ಬರವಲ್ದು ನಿನಗ, ಒಳಗ ಹೋಗಿ ಕಲ್ತು ಬಾ” ಎಂದು ಅಡುಗೆಮನೆಗೆ ಅಟ್ಟುವರು. ರೇಷನ್ ಜೋಳದ ಆ ದಿನಗಳಲ್ಲಿ, ಹಾಗೆ ಬಂದವನ ಕೈಗೆ ರೊಟ್ಟಿ ಇಡುವಾಗಲೆಲ್ಲ ಜಡೆಮ್ಮ, “ನನ್ನ ಪಾಲಿಂದೂ ಹೋತು. ಇವರ ಇಂಗ್ಲೀಷಿಗಿಷ್ಟು ಬೆಂಕಿ ಹಚ್ಚ!” ಎಂದು ಗೊಣಗುವಳು. ಒಂದು ಮುಂಜಾನೆ ಹೊಸ ಹುಡುಗನೊಬ್ಬ ಮೂರನ್ನೂ ಗಂಟಲು ಹರಿಯುವಂತೆ ಒದರಿದ. ಮಾಸ್ತರರು “ಭೇಷ್” ಎಂದು ಮುಂದಿನವನತ್ತ ತಿರುಗಿದರು. ಇಂಗ್ಲಿಷಿನ ಗಂಧವೇ ಇಲ್ಲದ ಜಡೆಮ್ಮ ಒಲೆಯ ಮುಂದಿನಿಂದಲೇ ರೇಗಿದಳು: “ಭೇಷಂತ, ಭೇಷ್! ಉಂಡು ಬಂದಾವ ಅಷ್ಟ್ಯಾಕ ಒದರ್ತಾನ್ರಿ? ಒಳಗ ಕಳಸ್ರಿ!”