ಕನಕಾಂಬರದ ಕುಂಡದಲ್ಲಿ ಕುಂಬಳ

“ನಿಮ್ಮ ಕುಂಬಳಬಳ್ಳಿ ಭಾಳ ಚೆಂದ ಬಂದೈತೆ. ಒಂದು ಕಾಯಿ ಕೊಡ್ರಿ ಅಕ್ಕಾ” ಎನ್ನುತ್ತ ಪಕ್ಕದ ಮನೆಯ ಗೌರಮ್ಮ ಅಂಗಳಕ್ಕೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ನೆಟ್ಟಿದ್ದು ಕನಕಾಂಬರ! ಆಕೆಯೇ ಕೊಟ್ಟ ತಿಪ್ಪೆಗೊಬ್ಬರವನ್ನು ಕುಂಡಗಳಿಗೆ ತುಂಬಿದ್ದೆ. ಸಸಿಗಳೆಲ್ಲ ಅದರ ಕಾವಿಗೆ ಸುಟ್ಟುಹೋಗಿ, ಗೊಬ್ಬರದೊಳಗಿದ್ದ ಬೀಜದಿಂದ ಕುಂಬಳ ಎದ್ದಿತ್ತು. ಕೀಳಹೋದರೆ ಅತ್ತೆ, “ತಾನಾಗೇ ಹುಟ್ಟೈತೆ, ಕೀಳಾಕೆ ಹೋಗಬ್ಯಾಡ” ಎಂದು ಅಡ್ಡ ನಿಂತಿದ್ದರು.

ಗೌರಮ್ಮನ ಜಡೆಯ ತುಂಬ ಮಾತ್ರ ಕನಕಾಂಬರ. “ನೀವು ಕುಂಡಕ್ಕೆ ಏನು ಹಾಕೀರಿ?” ಎಂದೆ.

“ಬರೀ ಕೆಮ್ಮಣ್ಣು. ಆ ಗೊಬ್ಬರ ಇನ್ನೂ ಕಳಿತಿರಲಿಲ್ಲ, ಅದರಾಗೆ ಹೂವಿನ ಗಿಡ ಎಲ್ಲಿ ಉಳಿತಾವ್ರಿ?” ಎಂದರು ನಿರಾಳವಾಗಿ.

ಬಸವಾಪಟ್ಟಣದಲ್ಲಿ ಎಪ್ಪತ್ತರ ದಶಕದಲ್ಲಿ ನಡೆದದ್ದಿದು. ಕುಂಬಳಕಾಯಿ ಪಲ್ಯ ಬಡಿಸುವಾಗಲೆಲ್ಲ ಇವತ್ತಿಗೂ ನನ್ನ ಕೈ ಹೂವಿಲ್ಲದ ಜಡೆಯ ಕಡೆಗೆ ತಾನಾಗಿ ಹೋಗುತ್ತದೆ.