ಟಿಲ್ಲರಿಗೂ ವಿಭೂತಿ

ಚನ್ನಬಸಪ್ಪನವರು ಹಣೆಗೆ ಹಚ್ಚಿಕೊಂಡು ಉಳಿದ ವಿಭೂತಿಯನ್ನು ಅಂಗಡಿಯ ತಕ್ಕಡಿಗೆ, ಬಾಗಿಲ ಬೀಗಕ್ಕೆ, ಸೈಕಲ್ಲಿಗೆ ಹಚ್ಚುತ್ತಿದ್ದರು. ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು, ಶೇಂಗಾ ಎಣ್ಣೆಯ ವ್ಯಾಪಾರಿ. "ದುಡಿಯೋ ಜೀವಗಳು ಕಣಪ್ಪ, ಬರೀ ಹಣೇಲಿ ನಿಲ್ಲಿಸಬಾರ್ದು" ಎನ್ನುವರು. ಒಮ್ಮೆ ನನ್ನ ಕನ್ನಡಕಕ್ಕೂ ಹಚ್ಚಿದ್ದರು. ನಾನು ಒರೆಸಿಕೊಂಡದ್ದಕ್ಕೆ ಮುಖ ಊದಿಸಿಕೊಂಡು ಓಡಾಡಿದರು.

ತೊಂಬತ್ತರ ದಶಕದ ಕೊನೆಗೆ, ನನ್ನಿವಾಳ ರಸ್ತೆಯ ತಮ್ಮ ಸೇವಂತಿಗೆ ತೋಟದಲ್ಲಿ ಕಳೆ ತೆಗೆಯಲು ಕೈಯಲ್ಲಿ ತಳ್ಳುವ ಪುಟ್ಟ ಪೆಟ್ರೋಲ್ ಟಿಲ್ಲರ್ ತಂದರು. ಟ್ಯಾಂಕಿನ ಮುಚ್ಚಳವೇ ಅದರ ಹಣೆ ಎಂದು ಅವರೇ ತೀರ್ಮಾನಿಸಿದರು. ದಿನವೂ ನೀರಲ್ಲಿ ಕಲಸಿದ ವಿಭೂತಿ, ನಡುವೆ ದಪ್ಪಗೆ ಕುಂಕುಮ. ಟಿಲ್ಲರ್ ಮಾತ್ರ ಎರಡು ಮೂರು ಸಾಲು ಹೋಗುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಪೆಟ್ರೋಲ್ ಮುಗಿಯಿತೇನೋ ಎಂದು ಮುಚ್ಚಳ ತೆಗೆದು ನೋಡಿ ಹಗ್ಗ ಎಳೆದರೆ ಮತ್ತೆ ಶುರು, ಸ್ವಲ್ಪ ಹೊತ್ತಿಗೆ ಮತ್ತೆ ನಿಲುಗಡೆ.

ರಿಪೇರಿಗೆ ಮೊಳಕಾಲ್ಮೂರಿನಿಂದ ಓಬಳೇಶ ಬರುತ್ತಿದ್ದ. ಬಸಪ್ಪನವರ ಜೊತೆ ಹೈಸ್ಕೂಲು ಓದಿದವನು, ಸಲಿಗೆಯ ಗೆಳೆಯ. ಪ್ಲಗ್ ಉಜ್ಜಿದ, ಕಾರ್ಬೊರೇಟರ್ ಬಿಚ್ಚಿದ, ಪೈಪು ಊದಿದ. ಕಡೆಗೆ ಯಂತ್ರವನ್ನೇ ತನ್ನ ಅಂಗಡಿಗೆ ಒಯ್ದು, ಪೂರ್ತಿ ತೊಳೆದು ಓಡಿಸಿದ. ಅಲ್ಲಿ ಅದು ಒಂದು ಸಲವೂ ನಿಲ್ಲಲಿಲ್ಲ. ತೋಟಕ್ಕೆ ತಂದ ಮರುದಿನ ಪೂಜೆಯಾಯಿತು, ಟಿಲ್ಲರ್ ನಿಂತಿತು.

"ಲೇ ಓಬಳೇಶ, ನಿನ್ನ ಅಂಗಡ್ಯಾಗೆ ಓಡಿದ್ದು ನನ್ನ ತೋಟದಾಗೆ ಯಾಕೆ ಓಡಲ್ಲ? ಹೊಸ ಪಾರ್ಟು ತೆಗೆದು ಹಳೇದು ಹಾಕಿದೀಯೇನು?" ಎಂದುಬಿಟ್ಟರು.

"ಅಂಥಾ ಕೆಲ್ಸ ನಾನು ಮಾಡಲ್ಲ ಬಸಣ್ಣ" ಎಂದವನೇ ಓಬಳೇಶ ಸ್ಪ್ಯಾನರ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಕೆಲವು ವಾರಗಳ ಮೇಲೆ ಬಸಪ್ಪನವರ ಬಲಗೈಗೆ ಚೇಳು ಕುಟುಕಿ ಕೈ ಊದಿಕೊಂಡಿತು. ಎಡಗೈಯಲ್ಲಿ ವಿಭೂತಿ ಹಚ್ಚುವಂತಿಲ್ಲ. ಹಚ್ಚಿದ್ದ ಹಳೆಯದು ಒಂದು ಮಳೆಗೆ ತೊಳೆದುಹೋಯಿತು. ಆ ದಿನಗಳಲ್ಲಿ ಟಿಲ್ಲರ್ ತಳ್ಳಿದವನು ನಾನು. ಅದು ಎಲ್ಲೂ ನಿಲ್ಲದೆ ಇಡೀ ತೋಟ ಸುತ್ತಿತು. ಕೈ ವಾಸಿಯಾದ ಬೆಳಿಗ್ಗೆ ಅವರು ಬಾಕಿಯೆಲ್ಲ ಸೇರಿಸಿ ಹಚ್ಚಿದರು. ಟಿಲ್ಲರ್ ನಿಂತಿತು.

ಅವರು ಮುಚ್ಚಳವನ್ನೇ ನೋಡುತ್ತ ನಿಂತರು. ಆಮೇಲೆ ಉಗುರಿನಿಂದ ಕೆರೆದರು. ಕುಂಕುಮದ ಕೆಳಗೆ ಸೂಜಿಮೊನೆಯಷ್ಟು ತೂತು. ಟ್ಯಾಂಕಿನೊಳಕ್ಕೆ ಗಾಳಿ ಹೋಗುವ ದಾರಿ ಅದು. ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ದೇವರ ಗುರುತಿದ್ದ ಕಡೆ ನಮಗ್ಯಾರಿಗೂ ಅನುಮಾನವೇ ಬಂದಿರಲಿಲ್ಲ.

"ಅಯ್ಯೋ ಶಿವನೇ, ಉಸಿರು ಕಟ್ಟಿಸಿದೋನು ನಾನೇ. ಅವನಿಗೆ ಏನಂದುಬಿಟ್ಟೆ!" ಎಂದು ಬದುವಿನ ಮೇಲೆ ಕುಸಿದರು.

ಮರುದಿನವೇ ನನ್ನನ್ನೂ ಕರೆದುಕೊಂಡು ಮೊಳಕಾಲ್ಮೂರಿಗೆ ಹೋದರು. ಓಬಳೇಶ ಎಲ್ಲ ಕೇಳಿ ನಕ್ಕ, ಚಹಾ ತರಿಸಿದ.

"ತಪ್ಪಾಯ್ತು ಕಣೋ. ಮೊದಲಿನಂಗೆ ತೋಟಕ್ಕೆ ಬಾ" ಎಂದರು ಬಸಪ್ಪನವರು.

"ಕರೆದ್ರೆ ಬರ್ತೀನಿ ಬಸಣ್ಣ. ಆದ್ರೆ ನಾನು ಬಿಚ್ಚುವಾಗ ಪಕ್ಕದಾಗೆ ಒಬ್ರನ್ನ ಕೂರಿಸು. ಏನು ತೆಗೆದೆ, ಏನು ಹಾಕಿದೆ ಅಂತ ನೋಡ್ತಿರ್ಲಿ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ವಾಪಸು ಬರುವಾಗ ಬಸ್ಸು ತಳಕು ಊರು ದಾಟಿದ ಮೇಲೆ ಬಸಪ್ಪನವರು, "ಬೈದಿದ್ರೆ ಚೆನ್ನಾಗಿತ್ತು" ಎಂದರು, ಅಷ್ಟೆ.

ಈಗ ಬಸಪ್ಪನವರಿಲ್ಲ. ಅವರಿರುವ ತನಕ ಟಿಲ್ಲರ್ ಮತ್ತೆ ಒಮ್ಮೆಯೂ ಕೆಡಲಿಲ್ಲ. ಓಬಳೇಶನನ್ನು ಕರೆಯಲು ಅವರಿಗೊಂದು ನೆಪವೂ ಸಿಗಲಿಲ್ಲ.